ಎರಡು ಬೆರಳಗಲ

ಬಿ.ಎಚ್. ರಸ್ತೆಯಲ್ಲಿ, ಲಾಡ್ಜಿನ ಮೆಟ್ಟಿಲ ಕೆಳಗೆ
ನನ್ನ ರಿಪೇರಿ ಅಂಗಡಿ. ನಿಂತರೆ ತಲೆ ಬಡಿಯುತ್ತದೆ,
ಕೂತರೆ ತುಮಕೂರೆಲ್ಲ ಸೊಂಟದಿಂದ ಕೆಳಗೆ:
ಪಂಚೆಯಂಚು, ಟಿಫಿನ್ ಚೀಲ, ಗುಬ್ಬಿ ಬಸ್ಸಿನ ಗಾಲಿ.
ಆವತ್ತು ಬಂದು ನಿಂತದ್ದು ಹಳದಿ ಶೂ.
ಆಮೇಲೆ ಮೊಣಕಾಲು ಮಡಿಸಿ ಇಳಿದು ಬಂತು ಮುಖ.

"ಅಣ್ಣಾ, ಇದು ಪೂರಿ ಆಗಿದೆ."

ಅವಳ ಕನ್ನಡ ಹಾಸ್ಟೆಲಿನ ಅಡುಗೆಯ ಕೆಂಪರಂಗಮ್ಮ ಕಲಿಸಿದ್ದು.
ಕ್ರಿಯಾಪದಗಳೆಲ್ಲ ಒಲೆಯ ಮೇಲಿನವು.
ಪರೀಕ್ಷೆ ಸೀದುಹೋಯಿತು ಅನ್ನುತ್ತಾಳೆ,
ಬಸ್ಸು ಉಕ್ಕಿ ಬಂತು ಅನ್ನುತ್ತಾಳೆ.
ಚೀಟಿ ಬರೆಯಲು ಹೆಸರು ಕೇಳಿದೆ.
"ನೀಮಾ."
"ನನ್ನದಲ್ಲ, ನಿಮ್ಮದು."
"ಅದೇ ಅಣ್ಣಾ, ನೀಮಾ."

ಪೂರಿ ಎಂದದ್ದು ಸುಳ್ಳಲ್ಲ. ಬ್ಯಾಟರಿ ಉಬ್ಬಿ ಗಾಜು ಎದ್ದಿತ್ತು.
ಒಂಬತ್ತು ವರ್ಷದ ಟ್ಯಾಬ್ಲೆಟ್ಟು;
ಸಮುದ್ರದಾಚೆ ಮ್ವಾಂಜಾದಲ್ಲಿ
ಅಣ್ಣನ ಮೀನಂಗಡಿಯ ಲೆಕ್ಕ ಬರೆದು ಬರೆದು
ಫಾರ್ಮಸಿ ಓದಲು ಹೊರಟ ತಂಗಿಯ ಜೊತೆ ವಿಮಾನ ಹತ್ತಿದ್ದು.
ಹಳೇ ಸಿಮ್ ಕಾರ್ಡು ತೂರಿಸಿ ಮೆಲ್ಲಗೆ ಬಿಚ್ಚಿದೆ.
ಅಂಚಿನ ಗೋಂದಿನಲ್ಲಿ ಒಂದು ಮೀನಿನ ಹುರುಪೆ.
ಎಸೆಯಲು ಕೈ ಬರಲಿಲ್ಲ,
ಸ್ಕ್ರೂಗಳ ಜೊತೆ ಸೋಡಾ ಮುಚ್ಚಳದಲ್ಲಿಟ್ಟೆ.

ಇನ್ನೊಂದು ಕಾಯಿಲೆಯೂ ಇತ್ತು: ಎಡಗಡೆ ಎರಡು ಬೆರಳಗಲ
ಗಾಜಿಗೆ ಜೀವವಿಲ್ಲ. ಮುಟ್ಟಿದರೆ ತಿಳಿಯದು.
ನನ್ನ ಹೆಬ್ಬೆರಳೂ ಹಾಗೇ,
ಬೆಸುಗೆ ಕಡ್ಡಿ ತಾಗಿ ತಾಗಿ ಗೆರೆ ಅಳಿಸಿ
ರೇಷನ್ ಅಂಗಡಿಯ ಯಂತ್ರಕ್ಕೆ ನಾನು ಯಾರೂ ಅಲ್ಲ,
ಹೆಂಡತಿಯೇ ಹೋಗಿ ಒತ್ತಬೇಕು.
"ಈ ಗಾಜು ಈಗ ಯಾರೂ ಮಾಡುವುದಿಲ್ಲಮ್ಮ.
ಬೆಂಗಳೂರಲ್ಲಿ ಹುಡುಕಿಸಿದರೆ ನಾಲ್ಕು ಸಾವಿರ.
ಅದರ ಬದಲು ಹೊಸದೇ..."
"ಇರಲಿ ಬಿಡು ಅಣ್ಣಾ, ಅಲ್ಲಿ ಉಪ್ಪು ಕಮ್ಮಿ, ಅಷ್ಟೆ."
ತಟ್ಟೆ ಇಡ್ಲಿ ತಿಂದು ಬರುತ್ತೇನೆಂದು ಎದ್ದಳು,
ಮತ್ತೆ ಬರೀ ಶೂ.

ಅಂಟಿಸುವ ಮುಂಚೆ ಹೊತ್ತಿಸಿ ನೋಡುವುದು ನನ್ನ ರೂಢಿ.
ಮೊದಲು ಬಂದದ್ದು ಒಂದು ತಕರಾರು:
ಈ ಸಾಧನಕ್ಕೆ ಇನ್ನು ಹೊಸತೇನೂ ಬರುವುದಿಲ್ಲ.
ಅದನ್ನು ಸರಿಸಿದರೆ ಚಿತ್ರಗಳು.
ಮಾತ್ರೆಯ ಪಾಠದ ಪಕ್ಕದಲ್ಲೇ ಮಂಡಿಪೇಟೆ,
ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುವ ಹೆಂಗಸರು,
ಅವರ ಬೆರಳ ಕಂದು ಬಣ್ಣ ಸರಿಯಾಗಿ ಹಿಡಿದಿದ್ದಾಳೆ.
ಅಮಾನಿಕೆರೆ ಏರಿಯ ಮೇಲೆ ಮೊಟ್ಟೆ ಗಾಡಿ.
ಕೆಂಪರಂಗಮ್ಮ, ಸೌಟು ಎತ್ತಿಕೊಂಡು.
ದೇವರಾಯನದುರ್ಗ ಅಂದುಕೊಂಡೆ, ಬುಡದಲ್ಲಿ ದೋಣಿ ಇತ್ತು;
ಅದು ಇಲ್ಲಿಯ ಬೆಟ್ಟವಲ್ಲ.

ಆದರೆ ಎಲ್ಲ ಚಿತ್ರವೂ ಎಡತುದಿವರೆಗೆ ತುಂಬಿದೆ!
ಸತ್ತ ಜಾಗದಲ್ಲಿ ಹ್ಯಾಗೆ ಬರೆದಳು?
ಅವಳ ಸವೆದ ಕಡ್ಡಿ ಒತ್ತಿದೆ, ತಿದ್ದಿದೆ, ಉಜ್ಜಿದೆ,
ಒಂದು ಚುಕ್ಕೆ ಮೂಡಲಿಲ್ಲ.

ಕೊನೆಯದು ಅರ್ಧಕ್ಕೆ ನಿಂತಿತ್ತು, ತಲೆಕೆಳಗಾಗಿ.
ರಸ್ತೆ ಆಕಾಶದಲ್ಲಿ, ಲಾಡ್ಜಿನ ಬೋರ್ಡು ನೆಲದಲ್ಲಿ.
ಓ, ಹಿಂಗಾ! ಒಂದು ಬದಿ ಮುಗಿಸುವುದು,
ಚಿತ್ರವನ್ನು ಬುಡಮೇಲು ತಿರುಗಿಸುವುದು,
ಸತ್ತ ಕಡೆಯದು ಜೀವದ ಕಡೆಗೆ ಬರುತ್ತದೆ,
ಆಮೇಲೆ ಊರನ್ನು ಬಾವಲಿ ನೋಡಿದಂತೆ ನೋಡಿ ಬರೆಯುವುದು.
ಮೆಟ್ಟಿಲ ಕೆಳಗೆ, ಅಂದರೆ ಮೇಲೆ, ಒಂದು ತಲೆ.
ನನ್ನದು. ಬೋಳಿದೆ, ಒಪ್ಪಿಕೊಳ್ಳಬೇಕಾದ್ದೇ.
ಎಷ್ಟು ದಿನದಿಂದ ಆಚೆ ಬದಿ ನಿಂತು ನೋಡಿದ್ದಳೋ.
ಕೈ ಇನ್ನೂ ಇಲ್ಲ.
ಅಲ್ಲಿಗೆ ಬರುವಷ್ಟರಲ್ಲಿ ಚಾರ್ಜು ಮುಗಿದಿರಬೇಕು.

ಹಳದಿ ಶೂ ವಾಪಸು ಬಂತು. "ಬೆಂತಾ ಅಣ್ಣಾ?"
"ಇನ್ನೊಂದು ಕುದಿ."
ಆರುನೂರೈವತ್ತು ಎಂದಿದ್ದೆ, ಆರುನೂರು ಸಾಕೆಂದೆ,
ಬೆಳಗಿನವರೆಗೆ ರಬ್ಬರ್ ಬ್ಯಾಂಡು ಬಿಚ್ಚಬೇಡ ಎಂದೆ.
ಅವಳು ಚಿಲ್ಲರೆ ಹುಡುಕುವಾಗ
ಮುಚ್ಚಳದ ಹುರುಪೆಯನ್ನು ಇದ್ದಲ್ಲೇ ಇಟ್ಟು,
ಸುತ್ತ ಗೋಂದು ಎಳೆದು,
ಇನ್ನೂ ಬರೆಯದ ಕೈಗಳಿಂದ
ಗಾಜು ಒತ್ತಿದೆ.