ಎಪ್ಪತ್ತೆರಡು ಗಂಟೆ

ಇಮಾತ್ರಾದ ನಮ್ಮ ನಾಲ್ಕಂತಸ್ತಿನ ಕಟ್ಟಡಕ್ಕೆ
ಜನವರಿಯಲ್ಲಿ ಒಂದು ಲಕೋಟೆ ಬಂತು:
ರಕ್ಷಣೆಯ ಯೋಜನೆ ಬದಲಾಗಿದೆ.
ಆಜ್ಞೆಯಾದ ಎಪ್ಪತ್ತೆರಡು ಗಂಟೆಯೊಳಗೆ
ನೆಲಮಾಳಿಗೆಯನ್ನು ತೆರವು ಮಾಡಿ
ಜನ ಅಡಗುವಂತೆ ಸಜ್ಜುಗೊಳಿಸತಕ್ಕದ್ದು.
ತಾಲೀಮಿನ ಆಜ್ಞೆ ಶನಿವಾರ. ತಪಾಸಣೆ ಮಂಗಳವಾರ.

ಬಟ್ಟೆ ಒಣಗಿಸುವ ಕೋಣೆಯಲ್ಲಿ ಸಭೆ.
ಉಸ್ತುವಾರಿ ಯಾರದು? ಎಂದಾಗ
ಎಲ್ಲರೂ ತಂತಮ್ಮ ಕಾಲ್ಚೀಲ ನೋಡಿಕೊಂಡರು.
ನಾನು ಕೆಮ್ಮಿದೆ.
ಕೆಮ್ಮನ್ನೇ ಒಪ್ಪಿಗೆಯೆಂದು ಬರೆದುಕೊಂಡರು.
ಗುರುವಾರ ಗುರುವಾರ ಮುನ್ನೂರು ಶಾಲೆಮಕ್ಕಳಿಗೆ
ಬಟಾಣಿ ಸಾರು ಕುದಿಸುವ ಹಿಲ್ಪಾ ನಾನು;
ಕೊರಳಿಗೀಗ ಒಂದು ಸೀಟಿ, ಕೈಗೊಂದು ಟಾರ್ಚು.

ತಲೆಗೆ ಮುಕ್ಕಾಲು ಚದರ ಮೀಟರು, ಎನ್ನುತ್ತದೆ ನಿಯಮ.
ಸೀಮೆಸುಣ್ಣದಲ್ಲಿ ಚೌಕ ಎಳೆದು
ಒಂದರಲ್ಲಿ ಕೂತು ನೋಡಿದೆ.
ಮಂಡಿ ತಬ್ಬಿ ಮುದುಡಿದರೆ ಸಾಕಾದೀತು.
ಸಿಟ್ಟು ಬಂದರೆ ಸಾಲದು.

ಐವತ್ತು ವರ್ಷದ ನೆಮ್ಮದಿಯೆಲ್ಲ
ಮೆಟ್ಟಿಲಿಳಿದು ಇಲ್ಲಿ ರಾಶಿಬಿದ್ದಿತ್ತು:
ಒಂಟಿ ಹಿಮಜಾರುಗೋಲು,
ಇಸವಿ ಅಳಿಸಿಹೋದ ಕಾಡುಹಣ್ಣಿನ ಜಾಮು,
ವಿಚ್ಛೇದನದಲ್ಲಿ ಇಬ್ಬರೂ ಬೇಡವೆಂದ ಸೋಫಾ.
ಎಲ್ಲ ಹೊತ್ತು ಹಾಕಿದೆವು.
ಉಳಿದದ್ದು ಮೂಲೆಯ ಮಗ್ಗ,
ತೆಲ್ಲೆರ್ವೊ ಅಜ್ಜಿಯದು,
ಆರು ತಲೆಯ ಜಾಗ.

ಹಾಸು ಬಿಗಿದು ನಿಂತಿದೆ. ಹೊಕ್ಕು ಇನ್ನೂ ಅರ್ಧ.
ಹೊಕ್ಕಿಗೆ ಚಿಂದಿ: ಹರಿದ ಪರದೆ,
ತೀರಿಕೊಂಡ ಗಂಡನ ಪಟ್ಟೆಪಟ್ಟೆ ಪೈಜಾಮ,
ಗಡಿಯಾಚೆಯ ಸಂತೆಯಲ್ಲಿ ಕೊಂಡ ಹೂವಿನ ತಲೆವಸ್ತ್ರ.
(ಆ ಸಂತೆಗೆ ಮೊದಲು ಇಪ್ಪತ್ತು ನಿಮಿಷದ ಬಸ್ಸು.
ಈಗ ರಸ್ತೆಗಡ್ಡ ಸಿಮೆಂಟು ದಿಮ್ಮಿ,
ಬಸ್ಸಿನ ವೇಳಾಪಟ್ಟಿ ಮಾತ್ರ ಕಂಬದ ಮೇಲೆ ಹಾಗೇ.)

"ಮಗ್ಗ ಕದಲಿಸಿದರೆ ಹಾಸು ಕತ್ತರಿಸಬೇಕು," ಎಂದಳು ಅಜ್ಜಿ.
ನನಗೆ ಗೊತ್ತಿತ್ತು, ತಲೆಯಾಡಿಸಿದೆ.
"ಎಪ್ಪತ್ತೆರಡು ಗಂಟೆ ಅಂದೆಯಲ್ಲ,
ಅದರಲ್ಲಿ ನಿದ್ದೆಗೆ ಎಷ್ಟು ಬರೆದಿದ್ದಾರೆ?"
ಬರೆದಿಲ್ಲ ಎಂದೆ.
"ಹಾಗಾದರೆ ಪೂರ್ತಿ ನನ್ನವು."

ಮೂರು ರಾತ್ರಿ ಹಣಿಗೆಯ ಬಡಿತ
ನೀರಿನ ಕೊಳವೆ ಹಿಡಿದು ಮೇಲೇರಿತು.
ಯಾರೂ ಗೋಡೆ ಗುದ್ದಲಿಲ್ಲ.
ಓಯ್ಲಿಯ ಹಸುಗೂಸು ಆ ಸದ್ದಿಗೇ ಮಲಗಿತಂತೆ.
ಚಿಂದಿ ಮುಗಿಯುತ್ತ ಬಂದಾಗ
ಬಾಗಿಲ ಬಳಿ ಗಂಟುಗಳು ಕಾಣಿಸಿಕೊಂಡವು,
ಹೆಸರಿಲ್ಲದವು.
ಒಂದು ಮಾತ್ರ ಗುರುತು ಹಿಡಿದೆ:
ಎಲೆಕ್ಟ್ರಿಷಿಯನ್ ಆರ್ಮಸ್‌ನ ನೀಲಿ ಅಂಗಿ.
ನಲವತ್ತಾರರ ಅವನಿಗೆ ಮರುತರಬೇತಿಯ ಕರೆ ಬಂದಿತ್ತು,
ಅಲ್ಲಿ ಅವರೇ ಅಂಗಿ ಕೊಡುತ್ತಾರೆ.

ಸೋಮವಾರ ನಡುರಾತ್ರಿ ಅವಳೇ ಕತ್ತರಿ ಹಿಡಿದಳು.
ಬಿಗಿದ ಎಳೆ ತುಂಡಾಗುವಾಗ ಒಂದು ದನಿ ಬರುತ್ತದೆ,
ಅದನ್ನು ಬರೆಯಲು ನನಗೆ ಬಾರದು.
ಅಂದುಕೊಂಡಿದ್ದಕ್ಕಿಂತ ಎರಡು ಮೊಳ ಗಿಡ್ಡ ಚಾಪೆ.
ಮಗ್ಗದ ತೊಲೆಗಳು ಸೈಕಲ್ ಕೊಟ್ಟಿಗೆಯಲ್ಲಿ
ತಾಡಪತ್ರಿ ಹೊದ್ದು ಹಿಮದಲ್ಲಿ ಮಲಗಿದವು.

ಬೆಳಿಗ್ಗೆ ಬಂದ ತಪಾಸಣೆಯವನಿಗೆ ಮಗನ ವಯಸ್ಸು.
ಗಾಳಿ ಸೋಸುವ ಯಂತ್ರ ತಿರುಗಿಸಿದ,
ಬಾಗಿಲಿನ ರಬ್ಬರು ಒತ್ತಿ ನೋಡಿದ,
ನೀರಿನ ಡಬ್ಬಗಳ ಲೆಕ್ಕ ಕೇಳಿದ.
ಒಳಕ್ಕೆ ಹೆಜ್ಜೆಯಿಡಬೇಕು, ಎದುರಿಗೆ ಚಾಪೆ:
ಪೈಜಾಮ, ಪರದೆ, ಸಂತೆಯ ಹೂವು, ನೀಲಿ.
ಯಾರೂ ಏನೂ ಹೇಳಲಿಲ್ಲ.
ಅವನು ಬಗ್ಗಿ ಬೂಟಿನ ದಾರ ಬಿಚ್ಚಿದ.
ಕಾಲ್ಚೀಲದ ಹೆಬ್ಬೆರಳಲ್ಲಿ ತೂತಿತ್ತು.
ಕಾಗದದಲ್ಲಿ ಚಾಪೆಗೆ ಕಾಲಂ ಇರಲಿಲ್ಲ,
ಪೆನ್ನು ಸ್ವಲ್ಪ ಹೊತ್ತು ತೂಗಿ, ಮುಂದಿನ ಪುಟಕ್ಕೆ ಹೋಯಿತು.

ರಾತ್ರಿ ಒಬ್ಬಳೇ ಇಳಿದು ಎಣಿಸಿದೆ.
ಚೌಕ ಐವತ್ತೆಂಟು. ಕಟ್ಟಡದಲ್ಲಿ ಜನ ಐವತ್ತೊಂಬತ್ತು.
ಕೂಸನ್ನು ಮರೆತೆನೇ ಎಂದು ಮತ್ತೆ ಎಣಿಸಿದೆ.
ಕೂಸಿಗೆ ಚೌಕವಿತ್ತು.
ನನ್ನದೇ ಎಳೆದಿರಲಿಲ್ಲ.

ಉಸ್ತುವಾರಿಯವಳು ಬಾಗಿಲ ಬಳಿ ನಿಂತಿರಬಹುದು, ಬಿಡಿ.
ಸುಣ್ಣದ ಚೂರು ಜೇಬಿಗೆ ಹಾಕಿ ದೀಪ ಆರಿಸಿದೆ.
ನಾಳೆ ಬುಧವಾರ,
ಬಟಾಣಿ ನೆನೆಹಾಕಬೇಕು.