ಒತ್ತು

ಬೈತಖೋಲ ಬಂದರಿನ ಮೇಲಿನ ಶಾಲೆ, ಒಂಬತ್ತನೆಯ ತರಗತಿ.
ಹಲಗೆಯ ಮೇಲೆ ಬರೆದೆ: ಬೋಟ್‌, ಒಂದು ಗೆರೆ, ಸ್ವೇನ್‌.
ದೋಣಿ ಆಚೆ, ದೋಣಿಯ ಆಳು ಈಚೆ;
ಹಳೆಯ ಜೋಡುಪದ ಮಕ್ಕಳೇ, ಗೆರೆ ಇಲ್ಲೇ ಬೀಳಬೇಕು.
ಛಂದಸ್ಸಿನ ಚಟ ನನಗೆ,
ಎರಡರ ನೆತ್ತಿಗೂ ಗುರು ಎಳೆದೆ.

ಹಿಂದಿನ ಬೆಂಚಿನಿಂದ ಸುಲಕ್ಷಾ:
"ಹಾಗಲ್ಲ ಸರ್‌, ಬೋಸನ್‌.
ಅಪ್ಪನಿಗೆ ಡ್ರೆಜ್ಜರಿನಲ್ಲಿ ಅದೇ ಕೆಲಸ."

ನಿಘಂಟು ತೆಗೆದರೆ, ಹೌದು.
ಒತ್ತೆಲ್ಲ ಮೊದಲ ತುಂಡಿಗೇ.
ಟಕಾರ ಎಲ್ಲಿ ಮುಳುಗಿತೋ,
ಸಕಾರದ ಕಾಲಿಗೆ ಜೋತಿದ್ದ ವ-ಒತ್ತು
ಯಾವ ಗಾಳಿಗೆ ಕಳಚಿತೋ.
ಅಲೆಗೆ ಮುಖ ಕೊಟ್ಟು ನೂರಾರು ವರ್ಷ ಕೂಗಿದವರು
ಆಳನ್ನು ಅರ್ಧ ನುಂಗಿಬಿಟ್ಟಿದ್ದಾರೆ.
ನಾನೋ, ಪಂಕ್ತಿಯ ಕೊನೆಯ ಅಕ್ಷರಕ್ಕೂ
ಎಲೆ ಹಾಕಿ ಬಡಿಸುವ ನುಡಿಯವನು.

ಗೆರೆ ಒರೆಸಿದೆ. ಅಂಗೈಯಲ್ಲಿ ಸುಣ್ಣದ ಪುಡಿ.

ಸಂಜೆ ಹಾಜರಿ ಪುಸ್ತಕ ಮುಚ್ಚುವಾಗ ಕಣ್ಣಿಗೆ ಬಿತ್ತು
ಜೂನ್‌ನಿಂದ ದಿನಾ ಕರೆದ ಹೆಸರು:
ಸುಲಕ್ಷಾ ಮಾರುತಿ ತಾಂಡೇಲ.
ತಾಂಡೇಲ ಅಂದರೂ ಅದೇ ಅಲ್ಲವೇ,
ದೋಣಿಯಾಳುಗಳ ಮುಂದಾಳು!
ಗುರು, ಗುರು, ಲಘು.
ಒಂದಕ್ಷರವೂ ಮುಳುಗಿಲ್ಲ, ಪುಸ್ತಕದಲ್ಲಿ.

ಬೆಳಿಗ್ಗೆಯ ಅವಸರದಲ್ಲಿ ನಾನು ಕೂಗಿದ್ದು ಮಾತ್ರ
ತಾಂಡ್ಲ.
ಅದಕ್ಕೂ ಅವಳು
ಹಾಜರ್‌ ಅಂದಿದ್ದಾಳೆ.