ಹನ್ನೊಂದನೆಯ ಪುಟ

ರೋನಾ ಅವರ ಕೋಣೆಯ ಬಾಗಿಲಿಗೆ
ಅಂಗೈಯಗಲ ಗಾಜಿದೆ.
ಅದರಲ್ಲಿ ನನ್ನ ಮುಖವನ್ನೇ ನೋಡುತ್ತ
ಕೇಳಬೇಕಾದ್ದನ್ನು ಮೂರು ಸಲ ಕೇಳಿಕೊಂಡೆ.
ಮೂರು ಸಲವೂ ಆಗಲ್ಲ ಅಂದೆ.

ಬಾಗಿಲು ತಟ್ಟಿದ್ದು ನಾನಲ್ಲ,
ನಾನು ತಳ್ಳುತ್ತಿದ್ದ ಟೀ ಗಾಡಿ.

"ಬಾ ಮೋರ್ವೆನ್, ಏನು?"

ಏನಿಲ್ಲ, ತರಬೇತಿಯ ವಿಷಯ.
ಹನ್ನೆರಡು ಪಾಠ, ತಿಂಗಳ ಕೊನೆಗೆ ಮುಗಿಯಬೇಕಂತೆ,
ಮುಗಿಸದವರ ಹೆಸರು ಪಟ್ಟಿಯಲ್ಲಿ ಕೆಂಪಾಗುತ್ತದಂತೆ.
ಇರುವುದೊಂದೇ ಕಂಪ್ಯೂಟರು,
ಅದೂ ಚಾದರಗಳ ಕೋಣೆಯಲ್ಲಿ,
ಕರೆಗಂಟೆಯ ಹಲಗೆಯ ಕೆಳಗೆ.
"ಬೆನ್ನು ನೆಟ್ಟಗಿರಲಿ, ಮಂಡಿ ಬಾಗಲಿ" ಅನ್ನುವುದನ್ನು
ನಾನು ಬೆನ್ನು ಬಾಗಿಸಿ ನಿಂತು ಓದುತ್ತೇನೆ,
ಕುರ್ಚಿ ಹಿಡಿಸುವುದಿಲ್ಲ ಅಲ್ಲಿ.
ಹನ್ನೊಂದನೆಯ ಪುಟಕ್ಕೆ ಬಂದೆ ಅನ್ನುವಾಗ
ಏಳನೆಯ ಕೋಣೆಯ ದೀಪ ಹೊತ್ತಿಕೊಳ್ಳುತ್ತದೆ.
ಮಿಸ್ಟರ್ ಬ್ರೆಮ್ನರ್‌ಗೆ ಚಪ್ಪಲಿ ಸಿಗುತ್ತಿಲ್ಲ,
ಸಿಕ್ಕಿದ ಮೇಲೆ ಅದು ಅವರದಲ್ಲ,
ಅವರದೇ ಎಂದು ಒಪ್ಪಿಸಿ ಬರುವಷ್ಟರಲ್ಲಿ
ಪರದೆ ಕಪ್ಪಾಗಿ, ಮತ್ತೆ ಮೊದಲನೆಯ ಪುಟ:
"ಸುಸ್ವಾಗತ."
ಈ ವಾರ ನಾಲ್ಕು ಸಲ ಸ್ವಾಗತಿಸಿದೆ, ರೋನಾ.
ನಮ್ಮತ್ತೆ ಮದುವೆಯಾದಾಗಿನಿಂದ ಅಷ್ಟು ಸಲ ಒಳಗೆ ಕರೆದಿಲ್ಲ.

ಅವರು ನಗಲಿಲ್ಲ.
ಪೆನ್ನಿಗೆ ಮುಚ್ಚಳ ಹಾಕಿದರು. ಅದು ನಗುವಿಗಿಂತ ಒಳ್ಳೆಯ ಶಕುನ.

ಅದಕ್ಕೇ, ಮಂಗಳವಾರ ನನಗೆ ಪಾಳಿ ಇಲ್ಲ,
ಮಗಳು ಶಾಲೆಯಲ್ಲಿರುತ್ತಾಳೆ,
ಅಡುಗೆಮನೆಯ ಮೇಜು ಖಾಲಿ.
ಮನೆಯಿಂದಲೇ ಮಾಡಲೇ?

ಇಷ್ಟು ಸಲೀಸಾಗಿ ಬಂತು.
ಇದರ ಬಾಲ ಮಾತ್ರ ಮೀನಿನ ಮುಳ್ಳಿನ ಹಾಗೆ
ಗಂಟಲಿಗೆ ಅಡ್ಡ ನಿಂತಿತ್ತು:
ಆ ಮೂರು ಗಂಟೆಯನ್ನೂ ಸಂಬಳಕ್ಕೆ ಬರೆಯುತ್ತೀರಾ?

ಹೊರಗೆ ಥರ್ಸೋದ ಗಾಳಿ
ಕಸದ ಡಬ್ಬಿಯ ಮುಚ್ಚಳ ಎತ್ತಿ, ಇಳಿಸಿ, ಎತ್ತಿ,
ನನ್ನ ಬದಲು ತಾನೇ ಬಾಯಿ ತೆರೆಯುತ್ತಿತ್ತು.

ಕೇಳಿದೆ.

"ಮೇಲಿನವರು ಏನಂತಾರೋ" ಅಂದರು ರೋನಾ,
ಅಡ್ಡಗೋಡೆಯ ಮೇಲೆ ದೀಪ ಇಟ್ಟು.
ಸ್ವಲ್ಪ ಹೊತ್ತಿಗೆ ತಾವೇ ಅದನ್ನು ಇಳಿಸಿ:
"ಎರಡು ಬರೆಯುತ್ತೇನೆ. ಮೂರು ಆಗಲ್ಲ.
ನನ್ನವೇ ಒಂಬತ್ತು ಪಾಠ ಬಾಕಿ, ಮೋರ್ವೆನ್.
ನಾನು ಯಾರನ್ನು ಕೇಳಲಿ?"
ಟೀ ಬೇಕೇ ಅಂದೆ. ಎರಡು ಚಮಚ ಸಕ್ಕರೆ ಅಂದರು,
ಸಕ್ಕರೆ ಬಿಟ್ಟೆ ಎಂದು ಊರಿಗೆಲ್ಲ ಹೇಳಿದ ಹೆಂಗಸು.

ಮಂಗಳವಾರ
ಮೇಜು ಒರೆಸಿದೆ. ಜಾಮಿನ ಒಂದು ಕಲೆ ಹೋಗಲಿಲ್ಲ.
ಬೆಂಕಿ ಆಯಿತು, ಕೈ ತೊಳೆಯುವುದಾಯಿತು,
ಬೆನ್ನು ಮಂಡಿ ಆಯಿತು, ಕುರ್ಚಿಯಲ್ಲಿ ಕೂತೇ.
ಹನ್ನೊಂದನೆಯ ಪುಟ ದಾಟುವಾಗ
ತಲೆಯೆತ್ತಿ ಗೋಡೆ ನೋಡಿದೆ.
ಹಳೆಯ ತಿಂಗಳಿಗೆ ನಿಂತ ಕ್ಯಾಲೆಂಡರು, ಅಷ್ಟೇ.

ಆಮೇಲೆ ಮರೆವಿನ ಪಾಠ.
"ನನ್ನ ಅಮ್ಮ ಯಾವಾಗ ಬರುತ್ತಾಳೆ ಎಂದು
ನಿವಾಸಿಯೊಬ್ಬರು ಕೇಳಿದರೆ ಏನು ಹೇಳುತ್ತೀರಿ?
ಒಂದನ್ನು ಗುರುತಿಸಿ."
ನಾಲ್ಕು ಚೌಕ.

ಮಿಸ್ ಸ್ವಾನ್ಸನ್ ದಿನಾ ಕೇಳುತ್ತಾರೆ, ಸಂಜೆ ನಾಲ್ಕರ ಮೇಲೆ.
ವಯಸ್ಸು ತೊಂಬತ್ತೊಂದು.
ಅಮ್ಮ ಮೀನು ಸೀಳುವ ಕೆಲಸಕ್ಕೆ ವಿಕ್‌ಗೆ ಹೋಗಿದ್ದಾಳೆ,
ಇನ್ನೂ ಬಂದಿಲ್ಲ.
ನಾನು ಏನೂ ಹೇಳುವುದಿಲ್ಲ.
ಟವೆಲ್ಲುಗಳ ರಾಶಿ ತಂದು ಅವರ ತೊಡೆಯ ಮೇಲಿಡುತ್ತೇನೆ.
ಅಮ್ಮ ಬರುವಷ್ಟರಲ್ಲಿ ಮುಗಿಯಬೇಕು ಅನ್ನುತ್ತ ಮಡಿಸುತ್ತಾರೆ,
ಅಂಚಿಗೆ ಅಂಚು ಕೂಡಿಸಿ.
ಮುಗಿಯುತ್ತದೆ.
ಕೆಲವು ದಿನ ಹೊರಗೊಯ್ದು, ಎಲ್ಲ ಬಿಚ್ಚಿ,
ಮತ್ತೆ ತಂದುಕೊಡುತ್ತೇನೆ.

ಇದಕ್ಕೆ ಚೌಕವಿಲ್ಲ.

ಯೋಚಿಸುತ್ತ ಕೂತೆ.
ಪರದೆಗೇ ತಾಳ್ಮೆ ತಪ್ಪಿರಬೇಕು:
"ನೀವು ಇನ್ನೂ ಇದ್ದೀರಾ?"

ರಾತ್ರಿ ಎರಡು ಗಂಟೆಗೆ ಬಾಗಿಲ ಸಂದಿಯ ಬೆಳಕನ್ನು
ಮಿಸ್ ಸ್ವಾನ್ಸನ್ ಕೇಳುವುದೂ ಇದನ್ನೇ.
ಯಾರೂ ಇಲ್ಲದ ಅಡುಗೆಮನೆಯಲ್ಲಿ ಗಟ್ಟಿಯಾಗಿ
ಇದ್ದೀನಿ ಅಂದುಬಿಟ್ಟೆ.

ಮೂರನೆಯ ಚೌಕ ಒತ್ತಿದೆ. ತಪ್ಪು ಅಂತು.
ಗಡಿಯಾರ ನೋಡಿದರೆ
ಎರಡು ಗಂಟೆಯ ಮೇಲೆ ಹತ್ತು ನಿಮಿಷ.
ಆ ಹತ್ತು, ರೋನಾ, ನನ್ನ ಲೆಕ್ಕಕ್ಕಿರಲಿ.